ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್: ಕರೆಂಟ್ ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನನ್ನದು ಹಳೆಯ ಮಾರುತಿ 800. ಹೊಸ ಬ್ಯಾಟರಿ ಹಾಕಿಸಿ ಇನ್ನೂ ವರ್ಷ ಆಗಿಲ್ಲ. ದಿನಾ ಓಡಿಸಿದರೆ ತೊಂದರೆ ಇಲ್ಲ. ಎರಡು ದಿನ ನಿಲ್ಲಿಸಿದರೆ ಮಾತ್ರ ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಸದ್ದು. ಮತ್ತೆ ಬ್ಯಾಟರಿ ಬದಲಿಸಬೇಕಾ?

ಉತ್ತರ: ಬೇಡ, ಸದ್ಯಕ್ಕೆ ದುಡ್ಡು ಕೊಡಬೇಡಿ. ಮೊದಲು ಅಳತೆ ಮಾಡಿ. ಗಾಡಿ ಆಫ್ ಆಗಿದ್ದಾಗಲೂ ಏನೋ ಒಂದು ಕರೆಂಟ್ ಎಳೆಯುತ್ತಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಇದೇ ಕತೆ. ಅದೂ ಅಲ್ಲದೆ, ಪದೇ ಪದೇ ಪೂರ್ತಿ ಇಳಿದರೆ ಹೊಸ ಬ್ಯಾಟರಿಯೂ ಬೇಗ ಹಾಳಾಗುತ್ತದೆ.

ಮೊದಲು ಒಂದು ಸುಲಭದ ಪರೀಕ್ಷೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ರಾತ್ರಿ 10 ನಂಬರ್ ಸ್ಪ್ಯಾನರ್‌ನಿಂದ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮಲ್ಟಿಮೀಟರಿನಲ್ಲಿ (ವೋಲ್ಟ್, ಕರೆಂಟ್ ಅಳೆಯುವ ಚಿಕ್ಕ ಮೀಟರ್) 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಬಿಚ್ಚಿಟ್ಟ ಬ್ಯಾಟರಿಯೇ ಎರಡು ದಿನದಲ್ಲಿ ಅಷ್ಟು ಇಳಿದರೆ ದೋಷ ಬ್ಯಾಟರಿಯದ್ದು, ವಾರಂಟಿ ಕೇಳಿ. ಇಳಿಯದಿದ್ದರೆ ಕಳ್ಳ ಗಾಡಿಯೊಳಗೇ ಇದ್ದಾನೆ. ಹಾಗೆಯೇ ಎಂಜಿನ್ ಓಡುವಾಗಲೂ ಒಮ್ಮೆ ವೋಲ್ಟ್ ನೋಡಿ. 13.8ರಿಂದ 14.5ರೊಳಗೆ ಇದ್ದರೆ ಚಾರ್ಜಿಂಗ್ ಸರಿಯಿದೆ.

ಈಗ ಮುಖ್ಯ ಕೆಲಸ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಚುಚ್ಚಿ, ಡಯಲನ್ನೂ ಅದೇ ರೇಂಜಿಗೆ ತಿರುಗಿಸಿ. ಎಲ್ಲಾ ಸ್ವಿಚ್ ಆಫ್ ಇರಲಿ, ಕೀ ಕೈಯಲ್ಲಿರಲಿ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಆ ಕೇಬಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಹಿಡಿಯಿರಿ. ಗಾಡಿ ಕದಿಯುತ್ತಿರುವ ಅಷ್ಟೂ ಕರೆಂಟ್ ಈಗ ಮೀಟರ್ ಮೂಲಕವೇ ಹಾದುಹೋಗಬೇಕು. ಈ ಹೊತ್ತಿನಲ್ಲಿ ಕೀ ತಿರುಗಿಸಲೇಬಾರದು, ಸೆಲ್ಫ್ ಅಂತೂ ಮುಟ್ಟಲೇಬಾರದು. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ. ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಯ ಎರಡೂ ಕಂಬಕ್ಕೆ ಇಟ್ಟರೆ ನೇರ ಶಾರ್ಟ್ ಸರ್ಕ್ಯೂಟ್.

ಒಳಗಿನ ಲೈಟಿನ ಬಲ್ಬನ್ನು ಮೊದಲೇ ತೆಗೆದಿಡಿ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡಿನ ಕೆಳಗಿದೆ, ಬಾಗಿಲು ತೆರೆದೇ ಇಡಬೇಕಾಗುತ್ತದೆ. ಆ ಬಲ್ಬ್ ಉರಿಯುತ್ತಿದ್ದರೆ ಲೆಕ್ಕ ಎಲ್ಲಾ ತಪ್ಪಾಗುತ್ತದೆ. ರಿಮೋಟ್ ಲಾಕ್ ಹಾಕಿಸಿದ್ದರೆ ಲಾಕ್ ಮಾಡಿ ಅರ್ಧ ಗಂಟೆ ಬಿಡಿ, ಅದು ಮಲಗುವುದಕ್ಕೆ ಸಮಯ ಬೇಕು.

ಮೀಟರ್ 0.02, 0.03 ತೋರಿಸಿದರೆ ಚಿಂತೆ ಇಲ್ಲ. 0.05 ಆಂಪಿಯರ್, ಅಂದರೆ 50 ಮಿಲಿಆಂಪಿಯರ್ ದಾಟಿದರೆ ಹುಡುಕಬೇಕು. ಆ ಅಂಕಿಯೇ ಅರ್ಧ ದಾರಿ ತೋರಿಸುತ್ತದೆ. ನಿಮ್ಮ ಗಾಡಿಯ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನದ್ದು. ಅಂದರೆ 1 ಆಂಪಿಯರ್ ಲೆಕ್ಕದಲ್ಲಿ ಎಳೆದರೆ 35 ಗಂಟೆ ಬರುವಷ್ಟು. 0.1 ಆಂಪಿಯರ್ ಸೋರಿದರೆ ದಿನಕ್ಕೆ 2.4 ಆಂಪಿಯರ್-ಅವರ್ ಹೋಯಿತು, ವಾರಕ್ಕೆ ಹತ್ತಿರಹತ್ತಿರ ಅರ್ಧ ಬ್ಯಾಟರಿ. ಭಾನುವಾರ ಮಾತ್ರ ಗಾಡಿ ತೆಗೆಯುವವರಿಗೆ ಕೈಕೊಡುವುದು ಇದೇ. 5 ವ್ಯಾಟಿನ ಡಿಕ್ಕಿ ಬಲ್ಬ್ ಸುಮ್ನೆ ಉರಿಯುತ್ತಿದ್ದರೆ 0.4 ಆಂಪಿಯರ್. ಎರಡು ದಿನಕ್ಕೆ ಹೆಚ್ಚುಕಡಿಮೆ 20 ಆಂಪಿಯರ್-ಅವರ್, ನಿಮ್ಮ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ ಅಲ್ವಾ? ತುಂಬಿದ ಬ್ಯಾಟರಿ ಒಂದೇ ರಾತ್ರಿಯಲ್ಲಿ ಸಾಯುತ್ತದೆ ಅಂದರೆ 2 ಆಂಪಿಯರ್‌ಗಿಂತ ಜಾಸ್ತಿ ಹೋಗುತ್ತಿರಬೇಕು. ಅಂಥದ್ದಕ್ಕೆ ಕತ್ತಲಲ್ಲಿ ಗಾಡಿಯ ಹಿಂದೆ ಹೋಗಿ ನಿಲ್ಲಿ. ಬ್ರೇಕ್ ಲೈಟ್ ಉರಿಯುತ್ತಿದೆಯಾ ನೋಡಿ. ಬ್ರೇಕ್ ಪೆಡಲ್ ಮೇಲೆ ಸ್ವಿಚ್ಚನ್ನು ಒತ್ತಿ ಹಿಡಿಯುವ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆ ಹಳೆಯ ಗಾಡಿಗಳಲ್ಲಿ ಪುಡಿಯಾಗುವುದುಂಟು. ಕಾಲ ಕೆಳಗಿನ ಮ್ಯಾಟಿನ ಮೇಲೆ ಅದರ ಚೂರು ಸಿಕ್ಕರೆ ಉತ್ತರ ಸಿಕ್ಕಿತು.

ಮೀಟರ್ ಹಿಡಿದಿರುವಾಗಲೇ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಇದಕ್ಕೆ ಜೊತೆಗೊಬ್ಬರು ಬೇಕು. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಆ ಲೈನಿನಲ್ಲೇ ದೋಷ. ಅಲ್ಲಿಂದ ಆ ಫ್ಯೂಸಿಗೆ ಸೇರಿದ ಒಂದೊಂದೇ ಸಾಮಾನು ಬಿಚ್ಚುತ್ತಾ ಹೋಗಿ.

ನನ್ನ ಅನುಮಾನ ಮೊದಲು ಹೋಗುವುದು ಆಮೇಲೆ ಹಾಕಿಸಿದ ಸಾಮಾನಿನ ಮೇಲೆ: ಸ್ಟೀರಿಯೋ, ಆಂಪ್ಲಿಫೈಯರ್, ಸೆಂಟ್ರಲ್ ಲಾಕ್, ಜಿಪಿಎಸ್. ಕಂಪನಿಯ ವೈರಿಂಗ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕೆಡುವುದು ಕತ್ತರಿಸಿ ತಿರುಚಿ ಟೇಪ್ ಸುತ್ತಿದ ಜಾಗದಲ್ಲಿ. ಸ್ಟೀರಿಯೋ ಎಳೆದು ಹಿಂದಿನ ವೈರ್ ನೋಡಿ. ಹಳದಿ ವೈರಿಗೆ ಯಾವಾಗಲೂ ಕರೆಂಟ್ ಬರಬೇಕು, ಗಡಿಯಾರ ಮತ್ತು ಸ್ಟೇಷನ್ ನೆನಪಿಗೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೀ ಇಲ್ಲದೆಯೂ ಹಾಡು ಕೇಳಲಿ ಅಂತ ಎರಡನ್ನೂ ಒಟ್ಟಿಗೆ ಸೇರಿಸಿರುವುದು ಬಹಳ ಸಲ ಕಾಣುತ್ತದೆ. ಆಗ ಸೆಟ್ ಪೂರ್ತಿ ಮಲಗುವುದೇ ಇಲ್ಲ. ಆಂಪ್ಲಿಫೈಯರನ್ನು ಆನ್ ಮಾಡುವ ನೀಲಿ ರಿಮೋಟ್ ವೈರನ್ನೂ ನೇರ ಕರೆಂಟಿಗೆ ಕೊಟ್ಟಿದ್ದರೆ ಅದು ರಾತ್ರಿಯಿಡೀ ಆನ್. ಕೆಂಪು ವೈರನ್ನು ಕೀ ಲೈನಿಗೆ ಬದಲಿಸುವುದು ಎಲೆಕ್ಟ್ರಿಷಿಯನ್‌ಗೆ ಸಣ್ಣ ಕೆಲಸ.

ಇನ್ನು, ಎಲ್ಲಾ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ? ಆಗ ಫ್ಯೂಸ್ ಬಾಕ್ಸ್ ದಾಟದ ಲೈನ್ ನೋಡಬೇಕು, ಮುಖ್ಯವಾಗಿ ಆಲ್ಟರ್ನೇಟರ್. ಗ್ಯಾರೇಜಿನಲ್ಲಿ ಡೈನಮೋ ಅನ್ನುತ್ತಾರಲ್ಲ, ಅದೇ. ಅದರೊಳಗಿನ ಡಯೋಡ್ ಕರೆಂಟನ್ನು ಬ್ಯಾಟರಿ ಕಡೆಗೆ ಮಾತ್ರ ಬಿಡಬೇಕು. ಡಯೋಡ್ ಕೆಟ್ಟರೆ ಎಂಜಿನ್ ನಿಂತ ಮೇಲೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿಯ ಬಾನೆಟ್ ಎತ್ತಿ, ಬೆಳಗ್ಗೆ ಡೈನಮೋ ಮುಟ್ಟಿ. ಎಂಜಿನ್ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಅನುಮಾನ ನಿಜ. ಖಚಿತ ಮಾಡಿಕೊಳ್ಳಲು ಬ್ಯಾಟರಿ ಬಿಚ್ಚಿ, ಡೈನಮೋದ ದಪ್ಪ ವೈರ್ ತೆಗೆದು, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಅಂಕಿ ಬಿದ್ದರೆ ಡಯೋಡ್ ಪ್ಲೇಟ್ ಬದಲಿಸಿದರೆ ಸಾಕು. ಇಡೀ ಡೈನಮೋ ಹೊಸದು ಹಾಕಿಸಿ ಎಂದರೆ ಡಯೋಡ್ ಪ್ಲೇಟ್ ಮಾತ್ರ ಸಿಗುತ್ತದಾ ಎಂದು ಇನ್ನೊಂದು ಕಡೆ ವಿಚಾರಿಸಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಮತ್ತೊಮ್ಮೆ ಅಳೆದು 0.05ಕ್ಕಿಂತ ಕೆಳಗೆ ಬಂದಿದೆಯಾ ನೋಡಿ. ಕೆಲವೊಮ್ಮೆ ಇಬ್ಬರು ಕಳ್ಳರಿರುತ್ತಾರೆ. ಆಮೇಲೆ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ನಿಧಾನವಾಗಿ, 3 ಆಂಪಿಯರ್ ಹತ್ತಿರ, ಚಾರ್ಜ್ ಮಾಡಿಸಿ. ಪೂರ್ತಿ ಇಳಿದ ಬ್ಯಾಟರಿ ಅಂಗಡಿಗೆ ಹೋಗಿಬರುವಷ್ಟು ಓಟದಲ್ಲಿ ತುಂಬುವುದಿಲ್ಲ.