ಕ್ರೀಡಾ ವಿಡಿಯೊ ಗೇಮ್: ಚೆಂಡಿನ ಲೆಕ್ಕ ಬದಲಾದ ಬಗೆ

ಕ್ರೀಡಾ ಗೇಮುಗಳು ಸುಧಾರಿಸಿವೆ ಎಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಗ್ರಾಫಿಕ್ಸ್ ಕಡೆಗೆ. ಆಟಗಾರನ ಹಣೆಯ ಬೆವರು ಕಾಣುತ್ತದೆ, ಸರಿ. ಗೇಮ್ ಮಾಡುವುದನ್ನು ಕಲಿಯುವವರು ನೋಡಬೇಕಾದದ್ದು ಚೆಂಡನ್ನು: ಅದು ಎತ್ತ ಹೋಗಬೇಕೆಂಬುದು ಮೊದಲೇ ಬರೆದಿಟ್ಟ ಪಟ್ಟಿಯಿಂದ ಬರುತ್ತದೋ, ಆ ಕ್ಷಣದ ಲೆಕ್ಕದಿಂದ ಬರುತ್ತದೋ?

ಸೋಜಿಗವೆಂದರೆ, 1958ರಲ್ಲೇ ಲೆಕ್ಕ ಇತ್ತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ರೂಪಿಸಿದ 'ಟೆನಿಸ್ ಫಾರ್ ಟೂ' ಆಟದಲ್ಲಿ ಅನಲಾಗ್ ಕಂಪ್ಯೂಟರ್ ಗುರುತ್ವವನ್ನೂ ಪುಟಿತವನ್ನೂ ಲೆಕ್ಕಹಾಕಿ, ಆಸಿಲೋಸ್ಕೋಪಿನ (ವಿದ್ಯುತ್ ಅಲೆಗಳನ್ನು ತೋರಿಸುವ ಉಪಕರಣ) ಪರದೆಯ ಮೇಲೆ ಚುಕ್ಕೆ ಓಡಿಸುತ್ತಿತ್ತು. 1972ರ ಟೇಬಲ್ ಟೆನಿಸ್ ಗೇಮ್ ಪಾಂಗ್‌ನಲ್ಲಿ ಗುರುತ್ವವೂ ಇಲ್ಲ, ಮೈಕ್ರೊಪ್ರೊಸೆಸರೂ ಇಲ್ಲ, ಬರೀ ಸರ್ಕ್ಯೂಟು. ಆದರೂ ಅದನ್ನು ರೂಪಿಸಿದ ಅಲನ್ ಆಲ್ಕಾರ್ನ್ ಬ್ಯಾಟನ್ನು 8 ತುಂಡಾಗಿ ಎಣಿಸಿದರು. ನಡುವೆ ತಾಗಿದರೆ ಚೆಂಡು ನೇರ, ಅಂಚಿಗೆ ತಾಗಿದರೆ ಓರೆ. ಆಟದ ಜಾಣ್ಮೆಯೆಲ್ಲ ಆ ಓರೆಯಲ್ಲಿತ್ತು.

ಫುಟ್ಬಾಲ್ ಗೇಮುಗಳಲ್ಲಿ ಚೆಂಡು ಬಹುಕಾಲ ಕಾಲಿಗೆ ಅಂಟಿಕೊಂಡೇ ಇತ್ತು. 1989ರ 'ಕಿಕ್ ಆಫ್' ಅದನ್ನು ಬಿಡಿಸಿತು: ಓಡುತ್ತ ತಿರುಗಿದರೆ ಚೆಂಡು ಮುಂದಕ್ಕೆ ಉರುಳಿಹೋಗುತ್ತಿತ್ತು. ಫಿಫಾ ಗೇಮ್ ಸರಣಿಯಲ್ಲಿ ಡ್ರಿಬಲ್ ಮಾಡಲು, ಅಂದರೆ ಚೆಂಡನ್ನು ಕಾಲಲ್ಲಿ ತಳ್ಳುತ್ತ ಓಡಲು, ಮೊದಲು ಇದ್ದದ್ದು 8 ದಿಕ್ಕು, 45 ಡಿಗ್ರಿಗೊಂದು. ಫಿಫಾ 10ರಲ್ಲಿ ಅದು 360 ಡಿಗ್ರಿಗೂ ತೆರೆಯಿತು. ಫಿಫಾ 12ರಲ್ಲಿ ಆಟಗಾರರ ಡಿಕ್ಕಿಯೂ ಲೆಕ್ಕಕ್ಕೆ ಬಂತು; ಜೊತೆಗೇ ಮೈಗೆ ಮೈ ತೊಡರಿ ಇಬ್ಬರು ತಬ್ಬಿಕೊಂಡು ಉರುಳುವ ನಗೆಪಾಟಲೂ ಬಂತು. ಪಟ್ಟಿ ಬಿಟ್ಟು ಲೆಕ್ಕಕ್ಕೆ ಇಳಿದರೆ ಯಾರೂ ಊಹಿಸದ್ದೂ ಪರದೆಗೆ ಬರುತ್ತದೆ.

ಕ್ರಿಕೆಟ್ ಇನ್ನೂ ಕಷ್ಟ. ಗಂಟೆಗೆ 140 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 38.9 ಮೀಟರ್. ಪರದೆಯಲ್ಲಿ ಸೆಕೆಂಡಿಗೆ 60 ಫ್ರೇಮ್ (ಒಂದರ ಹಿಂದೊಂದು ಮೂಡುವ ಚಿತ್ರ) ಇದ್ದರೆ ಪ್ರತಿ ಫ್ರೇಮಿಗೆ ಚೆಂಡು ಸುಮಾರು 65 ಸೆಂ.ಮೀ. ಜಿಗಿಯುತ್ತದೆ. ಬ್ಯಾಟಿನ ದಪ್ಪ ನಿಯಮದ ಪ್ರಕಾರ ಹೆಚ್ಚೆಂದರೆ 6.7 ಸೆಂ.ಮೀ. ಒಂದು ಫ್ರೇಮಿನಲ್ಲಿ ಚೆಂಡು ಬ್ಯಾಟಿನ ಮುಂದೆ, ಮುಂದಿನದರಲ್ಲಿ ಹಿಂದೆ. ತಾಗಿದ್ದು ಯಾವ ಫ್ರೇಮಿನಲ್ಲೂ ಇಲ್ಲ! ಇದಕ್ಕೆ ಟನೆಲಿಂಗ್ ಎನ್ನುತ್ತಾರೆ. ಲೆಕ್ಕವನ್ನು ಸೆಕೆಂಡಿಗೆ 240 ಸಲ ಮಾಡಿದರೂ ಜಿಗಿತ 16 ಸೆಂ.ಮೀ. ಇದ್ದೇ ಇರುತ್ತದೆ. ಪರಿಹಾರ ಬೇರೆ: ಚೆಂಡಿನ ಹಿಂದಿನ ಮತ್ತು ಈಗಿನ ಜಾಗಗಳ ನಡುವೆ ಗೆರೆ ಎಳೆದು, ಅದು ಬ್ಯಾಟಿನ ಮೇಲ್ಮೈಯನ್ನು ಎಲ್ಲಿ ಕತ್ತರಿಸುತ್ತದೆಂದು ನೋಡಬೇಕು. ಬ್ಯಾಟೂ ಬೀಸುತ್ತಿರುವುದರಿಂದ ಚೆಂಡಿನ ಚಲನೆಯಿಂದ ಬ್ಯಾಟಿನ ಚಲನೆಯನ್ನು ಮೊದಲೇ ಕಳೆದುಕೊಳ್ಳಿ. ಇದನ್ನು ಮರೆತವರ ಗೇಮಿನಲ್ಲಿ ನಿಧಾನದ ಚೆಂಡು ತಾಗುತ್ತದೆ, ವೇಗದ್ದು ತೂರಿಹೋಗುತ್ತದೆ.

ಈ ತಲೆನೋವೇ ಬೇಡವೆಂದರೆ ಅಡ್ಡದಾರಿಯೊಂದಿದೆ: ಬಟನ್ ಒತ್ತಿದ ಹೊತ್ತು ನೋಡಿ, ಫಲಿತಾಂಶ ಮೊದಲೇ ಆರಿಸಿ, ಅದಕ್ಕೊಪ್ಪುವ ಅನಿಮೇಷನ್ ಓಡಿಸುವುದು. ಬ್ಯಾಟಿಗೂ ಚೆಂಡಿಗೂ ಗೇಣು ಅಂತರವಿದ್ದರೂ ಚೆಂಡು ಬೌಂಡರಿಗೆ ಹೋಗುವ ದೃಶ್ಯ ಹುಟ್ಟುವುದು ಹೀಗೆ. ಕ್ರಿಕೆಟ್ 07 ಗೇಮಿನಲ್ಲಿ ಚೆಂಡು ಬೀಳುವ ಜಾಗಕ್ಕೆ ಪಿಚ್ ಮೇಲೆ ಗುರುತು ಕಾಣುತ್ತಿತ್ತು. ಕಣ್ಣು ಬೌಲರನ ಕೈ ಬಿಟ್ಟು ಗುರುತಿಗೇ ನೆಡುತ್ತಿತ್ತು. ಡಾನ್ ಬ್ರಾಡ್ಮನ್ ಕ್ರಿಕೆಟ್ 14 ಎಂಬ ಗೇಮ್ ಆ ಗುರುತನ್ನು ತೆಗೆದು, ಲೈನು-ಲೆಂಗ್ತು ಓದುವ ಕೆಲಸವನ್ನು ಆಡುವವರಿಗೇ ಬಿಟ್ಟಿತು. ನನ್ನೆಣಿಕೆಯಲ್ಲಿ ಗ್ರಾಫಿಕ್ಸಿಗಿಂತ ಇದು ದೊಡ್ಡ ಜಿಗಿತ.

ಓದುವ ಕೆಲಸ ಆಡುವವರದಾದರೆ ಅದಕ್ಕೆ ಸಿಗುವ ಹೊತ್ತೆಷ್ಟು? ಕ್ರೀಸಿನಿಂದ ಕ್ರೀಸಿಗೆ 17.68 ಮೀಟರ್. ಅದೇ 140 ಕಿ.ಮೀ. ವೇಗದಲ್ಲಿ ಸುಮಾರು 27 ಫ್ರೇಮ್. ಬಟನ್ ಒತ್ತಿದ್ದು ಪರದೆಗೆ ಬರಲು 100 ಮಿಲಿಸೆಕೆಂಡ್ ತಡವಾದರೆ 6 ಫ್ರೇಮ್ ಹೋಯಿತು, ಚೆಂಡು ಅಷ್ಟರಲ್ಲಿ 3.9 ಮೀಟರ್ ಹತ್ತಿರ ಬಂದಾಯಿತು. ಹಾಗಾಗಿ ಯಾವಾಗಲೂ ತಡವಾಗಿಯೇ ಬೀಸುತ್ತಿದ್ದೀರೆಂದರೆ ಕೋಡನ್ನು ಕೆದಕುವ ಮೊದಲು ಟಿವಿಯ ಸೆಟ್ಟಿಂಗಿಗೆ ಹೋಗಿ, ಈ ತಡವನ್ನು ತಗ್ಗಿಸುವ ಗೇಮ್ ಮೋಡ್ ಹಾಕಿ, ಅದೇ ಓವರನ್ನು ಇನ್ನೊಮ್ಮೆ ಆಡಿ.