ಎಫ್‌ಎಂ ಹಾಡುವ ಮರ್ಫಿ

"ಅರವತ್ತರ ದಶಕದ ಮರ್ಫಿ, ಎಲ್ಲ ಒರಿಜಿನಲ್, ಎಫ್‌ಎಂ ಕೂಡ ಬರ್ತದೆ ಮಾರಾಯ್ರೆ!" ಶಿರಸಿ ಪೇಟೆಯಲ್ಲಿ ಹಳೆ ಸಾಮಾನು ಮಾರುವವರು ಹೀಗೆ ಅಂದರೆ ಹಳೆ ರೇಡಿಯೋದಲ್ಲಿ ಏನೇನು ಬದಲಾಗಿದೆ ಅಂತ ಹುಡುಕುವ ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು. ನಮ್ಮ ದೇಶದಲ್ಲಿ ಎಫ್‌ಎಂ ಪ್ರಸಾರ ಶುರುವಾದದ್ದೇ 1977ರಲ್ಲಿ, ಮದ್ರಾಸಿನಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಮನೆಗಳಿಗೆಂದು ತಯಾರಾದ ರೇಡಿಯೋಗಳಲ್ಲಿ ಇದ್ದದ್ದು ಮೀಡಿಯಂ ವೇವ್, ಶಾರ್ಟ್ ವೇವ್. ಎಫ್‌ಎಂ ಹಾಡುತ್ತಿದೆ ಅಂದರೆ ಒಳಗೆ ಹೊಸ ಬೋರ್ಡ್ ಕೂತಿದೆ.

ಕಾರವಾರದ ಕಡೆ ಮಾತ್ರ ಸ್ವಲ್ಪ ತಡೆದು ನೋಡಬೇಕು. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಆ ದಾರಿಯಲ್ಲಿ ಬಂದ ಗ್ರುಂಡಿಗ್, ಟೆಲಿಫುಂಕೆನ್ ಥರದ ಜರ್ಮನ್ ಸೆಟ್ಟು ಸಿಕ್ಕರೂ ಸಿಗಬಹುದು. ಅವುಗಳಲ್ಲಿ 'ಯುಕೆಡಬ್ಲ್ಯೂ' ಅಂತ ಬರೆದ ಬಟನ್ ಇರುತ್ತದೆ, ಅದೇ ಎಫ್‌ಎಂ. ಆದರೆ ಐವತ್ತರ ದಶಕದ ಸೆಟ್ಟುಗಳಲ್ಲಿ ಆ ಬ್ಯಾಂಡ್ ಸಾಮಾನ್ಯವಾಗಿ 100 ಮೆಗಾಹರ್ಟ್ಜ್ ಹತ್ತಿರ ಮುಗಿಯುತ್ತದೆ. ಅದಕ್ಕಿಂತ ಮೇಲಿನ ಕೇಂದ್ರಗಳೂ ಸಲೀಸಾಗಿ ಬರುತ್ತಿದ್ದರೆ ಯಾರೋ ಕಾಯಿಲ್ (ಕೇಂದ್ರ ಹಿಡಿಯುವ ತಂತಿ ಸುರುಳಿ) ಮುಟ್ಟಿದ್ದಾರೆ.

ಇನ್ನೊಂದು ಸುಲಭದ ಪರೀಕ್ಷೆ, ಸ್ವಿಚ್ ಹಾಕಿ ಸುಮ್ನೆ ಕಾಯುವುದು. ವಾಲ್ವ್, ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ಬಲ್ಬಿನಂಥ ಭಾಗ, ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಕರೆಂಟಿನ ಸೆಟ್ಟು ಬಾಯಿ ಬಿಡಲು ಇಪ್ಪತ್ತು ಮೂವತ್ತು ಸೆಕೆಂಡ್ ಬೇಕು. ಒತ್ತಿದ ಕೂಡಲೇ ಹಾಡು ಬಂತೋ, ವಾಲ್ವ್‌ಗಳು ಇರುವುದು ಶೋಕಿಗೆ. ಈಗಂತೂ ವಾಲ್ವಿನ ಬುಡಕ್ಕೆ ಕಿತ್ತಳೆ ಬಣ್ಣದ ಎಲ್‌ಇಡಿ ಇಡುವವರೂ ಇದ್ದಾರೆ. ಬೆಳಕು ಮಧ್ಯದ ಕೊಳವೆಯ ತುದಿಯಿಂದ ಬರದೆ ಕೆಳಗಿನಿಂದ ಚೆಲ್ಲಿದಂತಿದ್ದರೆ ಅನುಮಾನಪಡಿ.

ಒಳಗೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಯುಸಿಎಚ್81, ಯುವೈ85 ಹೀಗೆ 'ಯು' ಅಕ್ಷರದ ವಾಲ್ವ್‌ಗಳಿದ್ದರೆ ಅದು ಎಸಿ, ಡಿಸಿ ಎರಡೂ ಬಗೆಯ ಕರೆಂಟಿಗೆ ಓಡುವ ಸೆಟ್ಟು. ಚಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ತಗಡಿನ ಚೌಕಟ್ಟಿಗೇ, ಕರೆಂಟ್ ಬರಬಹುದು. ಪ್ಲಗ್ ಕೀಳದೆ ಹಿಂದಿನ ರಟ್ಟು ಬಿಚ್ಚಬೇಡಿ. ಯಾವ ಸೆಟ್ಟೇ ಆಗಲಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್ ಮುಟ್ಟಬೇಡಿ. ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ನಿಜವಾದ ಕತೆ ಇರುವುದು ಚಾಸಿಯ ಅಡಿಯಲ್ಲಿ. ನಾನು ಮೊದಲು ನೋಡುವುದು ತೂತುಗಳನ್ನು. ಕಾರ್ಖಾನೆಯಲ್ಲಿ ಪಂಚ್ ಮಾಡಿದ ತೂತಿನ ಅಂಚು ನುಣುಪಾಗಿರುತ್ತದೆ. ಆಮೇಲೆ ಡ್ರಿಲ್ ಹಾಕಿದ್ದರೆ ಅಂಚು ತರಚಿರುತ್ತದೆ, ನಮ್ಮ ಕರಾವಳಿ ಗಾಳಿಗೆ ಅಲ್ಲಿಂದಲೇ ತುಕ್ಕು ಹತ್ತಿರುತ್ತದೆ. ಸಾಕೆಟ್‌ಗಳೆಲ್ಲ ರಿವೆಟ್ಟಿನಲ್ಲಿದ್ದು ಒಂದು ಮಾತ್ರ ಸ್ಕ್ರೂ ನಟ್ಟಿನಲ್ಲಿದ್ದರೆ ಅದು ಬದಲಾದ ಸಾಕೆಟ್. ಏನೂ ಕೂರಿಸದ ಖಾಲಿ ತೂತು ಕಂಡರೆ ಅಲ್ಲಿ ಏನಿತ್ತು ಅಂತ ಕೇಳಿ. ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳ ಜಾಗ ಖಾಲಿಯಿದ್ದು ಪಕ್ಕದಲ್ಲಿ ಧ್ವನಿ ಜೋರು ಮಾಡುವ ಟಿಬಿಎ810 ಐಸಿ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು, ಅವನ್ನು ಕಿತ್ತು ಇದನ್ನು ಹಾಕಿದ್ದಾರೆ.

ನಮ್ಮ ಕಡೆ ಜಾಸ್ತಿ ಸಿಗುವ ಮಾರ್ಪಾಡು ರೆಕ್ಟಿಫೈಯರ್‌ದು, ಅಂದರೆ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗದ್ದು. ಇಝಡ್80 ವಾಲ್ವ್ ಸುಟ್ಟಿತು, ಹೊಸದು ಸಿಗಲಿಲ್ಲ, ರಿಪೇರಿಯವರು ಸಾಕೆಟ್ಟಿನ ಅಡಿಗೆ ಎರಡು ಬಿವೈ127 ಡಯೋಡ್ ಬೆಸೆದರು. ಸೆಟ್ಟು ಹಾಡಿತು. ಆದರೆ ವಾಲ್ವಿಗಿಂತ ಡಯೋಡ್ ಜಾಸ್ತಿ ವೋಲ್ಟೇಜ್ ಮುಂದಕ್ಕೆ ದಾಟಿಸುತ್ತದೆ, ಅದೂ ಸ್ವಿಚ್ ಹಾಕಿದ ಕ್ಷಣದಿಂದಲೇ. ಉಳಿದ ವಾಲ್ವ್‌ಗಳು ಇನ್ನೂ ತಣ್ಣಗಿರುವಾಗ ಪೂರ್ತಿ ಹೊಡೆತ ಫಿಲ್ಟರ್ ಕಂಡೆನ್ಸರ್ ಮೇಲೆ. ತಿಳಿದವರಾದರೆ ಆ ಹೊಡೆತ ತಗ್ಗಿಸಲು ಜೊತೆಗೆ ಒಂದು ದಪ್ಪ ರೆಸಿಸ್ಟೆನ್ಸ್ ಹಾಕಿರುತ್ತಾರೆ. ಅದು ಕಂಡರೆ ಕೆಲಸ ಮಾಡಿದವರ ಮೇಲೆ ನನಗೆ ಗೌರವ. ಇದು ಮೋಸವಲ್ಲ, ವಾಲ್ವ್ ಸಿಗದ ಕಾಲದ ಉಪಾಯ. ಕಂಡೆನ್ಸರ್ ಬದಲಾಗಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಹಳೆ ಮೇಣದ ಕಂಡೆನ್ಸರ್ ಹಾಗೇ ಬಿಟ್ಟು ಸೆಟ್ಟು ಓಡಿಸುವುದೇ ಅಪಾಯ.

ಘಟ್ಟದ ಮೇಲಿನ ಹಳ್ಳಿಗಳಿಂದ ಬರುವ ಬ್ಯಾಟರಿ ಸೆಟ್ಟುಗಳದ್ದೂ ಹೀಗೇ. ಡಿಕೆ96, ಡಿಎಲ್96 ವಾಲ್ವ್‌ಗಳಿಗೆ 90 ವೋಲ್ಟಿನ ದೊಡ್ಡ ಬ್ಯಾಟರಿ ಬೇಕಿತ್ತು. ಊರಿಗೆ ಕರೆಂಟ್ ಬಂದ ಮೇಲೆ ಆ ಜಾಗದಲ್ಲಿ ಎಲಿಮಿನೇಟರ್, ಅಂದರೆ ಬ್ಯಾಟರಿ ಬದಲು ಮನೆ ಕರೆಂಟಿನಿಂದ ಸೆಟ್ಟು ಓಡಿಸುವ ಪೆಟ್ಟಿಗೆ, ಕೂರಿಸಿದರು. ಅದನ್ನು ಕಿತ್ತು 'ಒರಿಜಿನಲ್' ಮಾಡಿ ಅಂತ ತಂದವರಿಗೆ ನಾನು ಬೇಡ ಅಂದಿದ್ದೇನೆ.

ಪೆಟ್ಟಿಗೆಯ ವಿಷಯ ಬೇಗ ಹೇಳುತ್ತೇನೆ. ಕಂಪನಿಯ ಮರದ ಪೆಟ್ಟಿಗೆ ಹೆಚ್ಚಾಗಿ ಪ್ಲೈವುಡ್ಡಿನದು, ಮೇಲೆ ತೆಳು ವೆನೀರ್. ಗಟ್ಟಿ ಹಲಸಿನ ಹಲಗೆಯೋ ಸಾಗವಾನಿಯೋ ಆಗಿದ್ದರೆ ಅದು ಊರಿನ ಆಚಾರಿಯ ಕೈಕೆಲಸ. ಚಂದವೇ, ಬೆಲೆ ಮಾತ್ರ ಬೇರೆ.

ಕೊನೆಗೆ ಡಯಲ್. ಮೀಡಿಯಂ ವೇವ್‌ನಲ್ಲಿ ಧಾರವಾಡ 765 ಕಿಲೋಹರ್ಟ್ಜ್, ಮೀಟರ್ ಲೆಕ್ಕದಲ್ಲಿ 392. ಪಣಜಿ 1287, ಅಂದರೆ 233 ಮೀಟರ್. ಎರಡನ್ನೂ ಹಿಡಿದು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಎರಡೂ ಒಂದೇ ಕಡೆಗೆ ಅಷ್ಟಷ್ಟೇ ಸರಿದಿದ್ದರೆ ಡಯಲ್ ದಾರ ಜಾರಿದೆ, ಸರಿ ಮಾಡಿದರಾಯಿತು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಿದ್ದು, ಟ್ರಿಮ್ಮರ್ (ಕೇಂದ್ರ ಹೊಂದಿಸುವ ಪುಟ್ಟ ಸ್ಕ್ರೂ), ಕಾಯಿಲ್ ಹೊಂದಿಸಿದರೂ ಕೂರದಿದ್ದರೆ ಡಯಲ್ ಗ್ಲಾಸ್ ಒಂದು ಸೆಟ್ಟಿನದು, ಗ್ಯಾಂಗ್ (ಗುಬ್ಬಿ ತಿರುಗಿಸಿದಾಗ ಕೇಂದ್ರ ಬದಲಿಸುವ ಭಾಗ) ಇನ್ನೊಂದರದು. ಅಂಥದಕ್ಕೆ ನಾನು ಬಿಡಿಭಾಗದ ಬೆಲೆಯಷ್ಟೇ ಕಟ್ಟುತ್ತೇನೆ.