ಕಲ್ಲಿನ ಕೆಳಗೆ ಹಾವು ಇದ್ಯೋ ಇಲ್ವೋ: ಮದುವೆ ಹಾಲ್ ಬಾಗಿಲಲ್ಲಿ ಬರೋ ಗಾಬರಿ

ಮೇ ತಿಂಗಳ ಒಂದು ಸಂಜೆ ಅಕ್ಕನ ಮಗಳು ವಿರಾಜಪೇಟೆಯಿಂದ ಫೋನ್ ಮಾಡಿದ್ಲು. ಆಫೀಸಲ್ಲಿ ಅವಳ ಸೀನಿಯರ್ ಮದುವೆ, ಕೊಡವರ ಮದುವೆ, ಇವಳಿಗೆ ಇದೇ ಮೊದಲು. ಹಾಲ್ ಎದುರಿಗೇ ಕಾರ್ ನಿಲ್ಸಿಕೊಂಡು ಇಪ್ಪತ್ತು ನಿಮಿಷದಿಂದ ಒಳಗೇ ಕೂತಿದ್ದಾಳೆ. "ಚಿಕ್ಕಿ, ಇಳಿಯೋಕೇ ಆಗ್ತಿಲ್ಲ, ವಾಪಸ್ ಮಡಿಕೇರಿಗೆ ಹೊರಟುಬಿಡ್ಲಾ?" ಅಂದ್ಲು. ಅವಳ ಮಾತಿನ ಹಿಂದೆ ವಾಲಗದ ಸದ್ದು ನನಗೇ ಕೇಳ್ತಿತ್ತು. ಮಳೆ ಬಂದು ನಿಂತಿತ್ತಂತೆ, ಕಿಟಕಿ ಏರಿಸಿಕೊಂಡು ಕೂತು ಕೂತು ಗ್ಲಾಸೆಲ್ಲ ಅವಳ ಉಸಿರಿಗೇ ಮಬ್ಬಾಗಿ ಹೊರಗೆ ಓಡಾಡೋ ಜನ ಬರೀ ಬಣ್ಣದ ಕಲೆ ಥರ ಕಾಣ್ತಿದ್ರು. ಅಂಗೈ ಬೆವರ್ತಿದೆ ಚಿಕ್ಕಿ, ಆದ್ರೆ ಬೆರಳು ಮಾತ್ರ ಐಸ್ ಮುಟ್ಟಿದ ಹಾಗಿದೆ, ಏನಿದು ಅಂತ ಕೇಳಿದ್ಲು.

ಒಂದೇ ಕೈಯಲ್ಲಿ ಬೆವರೂ ಚಳಿಯೂ ಒಟ್ಟಿಗೆ ಬರೋದು ವಿಚಿತ್ರ ಅನ್ಸತ್ತೆ, ಆದ್ರೆ ಎರಡನ್ನೂ ಮಾಡಿಸೋದು ಒಂದೇ ನರಮಂಡಲ. ಅಪಾಯ ಅಂತ ಮಿದುಳಿಗೆ ಅನ್ನಿಸಿದ ತಕ್ಷಣ ಅದು ಅಂಗೈಯ ಬೆವರಿನ ಗ್ರಂಥಿಗಳಿಗೆ ಚಾಲು ಕೊಡತ್ತೆ, ಅದೇ ಹೊತ್ತಿಗೆ ಚರ್ಮದ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡಿ ರಕ್ತಾನ ದೊಡ್ಡ ಸ್ನಾಯುಗಳ ಕಡೆ ತಿರುಗಿಸತ್ತೆ. ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಬಂದು ಎದೆ ಡವಡವ ಅಂತ ಹೊಡ್ಕೊಳ್ಳತ್ತೆ. ಹೊಟ್ಟೆ ಕಡೆಗೆ ಹೋಗೋ ರಕ್ತ ಕಮ್ಮಿ ಆಗತ್ತೆ, ಅದಕ್ಕೇ ಆ ಒಳಗಿಂದ ಕಿವುಚಿದ ಹಾಗಾಗೋದು. ಹೋರಾಡು ಇಲ್ಲಾ ಓಡು ಅನ್ನೋ ಈ ತಯಾರಿಯ ಬಗ್ಗೆ ವಾಲ್ಟರ್ ಕ್ಯಾನನ್ ಅನ್ನೋ ಅಮೆರಿಕದ ವಿಜ್ಞಾನಿ 1915ರಲ್ಲೇ ಬರೆದಿದ್ರು.

ಆದ್ರೆ ಮದುವೆ ಮನೇಲಿ ಯಾರ ಹತ್ರ ಹೋರಾಡೋದು? ಮಿದುಳಿಗೆ ಆ ಪ್ರಶ್ನೆ ಬರೋದೇ ಇಲ್ಲ. 2004ರಲ್ಲಿ ಡಿಕರ್ಸನ್ ಮತ್ತೆ ಕೆಮೆನಿ ಅಂತ ಇಬ್ಬರು ಸಂಶೋಧಕರು ಒತ್ತಡದ ಮೇಲೆ ನಡೆದಿದ್ದ 208 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಅತೀ ಜಾಸ್ತಿ ಏರಿದ್ದು ನಾಲ್ಕು ಜನ ನಮ್ಮನ್ನ ಅಳೀತಾ ಇದ್ದಾರೆ, ಮತ್ತೆ ಅದು ನಮ್ಮ ಕೈ ಮೀರಿದೆ ಅನ್ನೋ ಎರಡೂ ಒಟ್ಟಿಗೆ ಸೇರಿದಾಗ. ಹಂಗಾಗಿ ಜನರ ಮುಂದೆ ಭಯ ಆಗೋದು ಪುಕ್ಕಲುತನ ಅಂತ ನಾನು ಯಾವತ್ತೂ ಒಪ್ಪಲ್ಲ.

ನನಗೆ ತುಂಬಾ ಹಿಡಿಸಿದ ಇನ್ನೊಂದು ಪ್ರಯೋಗ ಇದೆ, 2016ರದ್ದು, ಯೂನಿವರ್ಸಿಟಿ ಕಾಲೇಜ್ ಲಂಡನ್ನಲ್ಲಿ ಮಾಡಿದ್ದು. 45 ಜನಕ್ಕೆ ಕಂಪ್ಯೂಟರಲ್ಲಿ ಒಂದು ಆಟ, ಕಲ್ಲಿನ ಕೆಳಗೆ ಹಾವು ಇದ್ಯಾ ಇಲ್ವಾ ಊಹಿಸ್ಬೇಕು, ಹಾವು ಇದ್ರೆ ಕೈಗೆ ನೋವಾಗೋ ಹಾಗೆ ಸಣ್ಣ ಶಾಕ್. ಹಾವು ಇರೋ ಸಾಧ್ಯತೆ ಆಟದ ಉದ್ದಕ್ಕೂ ಬದಲಾಗ್ತಾ ಹೋಗತ್ತೆ. ಬೆವರು ಅಳೆದ್ರು, ಕಣ್ಣಿನ ಪಾಪೆ ಎಷ್ಟು ಹಿಗ್ಗಿದೆ ನೋಡಿದ್ರು. ಶಾಕ್ ಗ್ಯಾರಂಟಿ ಅಂತ ಗೊತ್ತಿದ್ದಾಗ ಆಗೋ ಟೆನ್ಷನ್‌ಗಿಂತ ಅರ್ಧಕ್ಕರ್ಧ ಚಾನ್ಸ್ ಇದ್ದಾಗಲೇ ಟೆನ್ಷನ್ ಜಾಸ್ತಿ! ತೋಟದಲ್ಲಿ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹಾವು ಕಣ್ಣಿಗೆ ಬಿದ್ರೆ ದೂರ ನಿಂತ್ಕೋತೀವಿ, ಮುಗೀತು. ದರಗು ಎಲೆ ರಾಶಿಗೆ ಕೈ ಹಾಕ್ಬೇಕು, ಅಡೀಲಿ ಏನಿದೆ ಗೊತ್ತಿಲ್ಲ ಅಂದಾಗ್ಲೇ ಮೈ ಜುಂ ಅನ್ನೋದು.

ಅದಕ್ಕೇ ಅವಳಿಗೆ "ಹೆದರ್ಬೇಡ" ಅಂತ ಹೇಳೋಕೆ ಹೋಗ್ಲಿಲ್ಲ, ಯಾವ ಯಾವ ಕಲ್ಲಿನ ಕೆಳಗೆ ಏನಿದೆ ಅಂತ ಗೊತ್ತಿಲ್ಲ ಹೇಳು ಅಂದೆ. ದಂಪತಿ ಮುಹೂರ್ತದಲ್ಲಿ ಎಲ್ಲರೂ ಸಾಲಲ್ಲಿ ಹೋಗಿ ಅಕ್ಕಿ ಹಾಕ್ತಾರಂತೆ, ಹೆಂಗೆ ಹಾಕ್ಬೇಕೋ ಗೊತ್ತಿಲ್ಲ. ದೊಡ್ಡೋರ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರೆ, ನಾನೂ ಮುಟ್ಬೇಕಾ. ವಾಲಗಕ್ಕೆ ಕುಣಿಯೋಕೆ ಎಳೆದ್ರೆ ಏನ್ಮಾಡ್ಲಿ. ಇಷ್ಟೇ ಚಿಕ್ಕಿ ಅಂದ್ಲು. ನಾನು ಒಂದೊಂದಾಗಿ ಹೇಳಿದೆ: ಮದುಮಕ್ಕಳ ಮೊಣಕಾಲು, ಭುಜ, ತಲೆ ಮೇಲೆ ಅಕ್ಕಿ ಹಾಕಿ, ಕಿಂಡಿ ಅನ್ನೋ ಮೂತಿ ಇರೋ ಚೊಂಬಿಂದ ಒಂದು ಗುಟುಕು ಹಾಲು ಕುಡಿಸಿ, ಕವರ್ ಕೊಟ್ಟು ಈ ಕಡೆ ಬರೋದು, ಸಾಲಲ್ಲಿ ಮೂರು ಜನರ ಹಿಂದೆ ನಿಂತು ನೋಡ್ಕೋ. ಕಾಲಿನ ವಿಷಯ, ನೀನು ಹೊರಗಿನೋಳು ಅಂತ ಎಲ್ಲರಿಗೂ ಗೊತ್ತು, ಕೈ ಮುಗಿದ್ರೆ ಸಾಕು. ಕುಣಿಯೋಕೆ ಕರೆದ್ರೆ ಎರಡು ಹೆಜ್ಜೆ ಹಾಕು, ಅಲ್ಲಿ ಯಾರೂ ಮಾರ್ಕ್ಸ್ ಹಾಕಲ್ಲ.

ಸೀರೆದೊಂದು ಉಳೀತು. ಕೊಡವ ಹೆಂಗಸರು ನೆರಿಗೆ ಹಿಂದಕ್ಕೆ ಬರೋ ಹಾಗೆ ಉಡ್ತಾರಲ್ಲ, ಇವಳು ನಮ್ಮ ಕಡೆ ಥರ ಮಾಮೂಲಿ ಉಟ್ಟಿದ್ಲು, ಎಲ್ಲರೂ ತನ್ನನ್ನೇ ನೋಡ್ತಾರೆ ಅನ್ನೋ ಸಂಕಟ. 2000ದಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಗಿಲೋವಿಚ್ ಮತ್ತೆ ಜೊತೆಯವರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ಆಗೋಂಥ ಟೀ ಶರ್ಟ್ ಹಾಕಿಸಿ ಜನ ಕೂತಿದ್ದ ರೂಮಿಗೆ ಕಳಿಸಿದ್ರು. ಹಾಕ್ಕೊಂಡೋರು ಸುಮಾರು ಅರ್ಧದಷ್ಟು ಜನ ಗಮನಿಸಿರ್ತಾರೆ ಅಂದ್ಕೊಂಡಿದ್ರು, ನಿಜಕ್ಕೂ ಗಮನಿಸಿದ್ದು ಹತ್ತಿರ ಹತ್ತಿರ ಕಾಲು ಭಾಗ.

ಕಾಫಿ ಎಷ್ಟು ಕುಡಿದೆ ಅಂತ ಕೇಳಿದೆ. ಮಧ್ಯಾಹ್ನದಿಂದ ಮೂರು ಲೋಟ ಅಂದ್ಲು, ನಮ್ಮ ಮನೆ ತೋಟದ್ದೇ ರೊಬಸ್ಟಾ ಪುಡಿ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು, ಕುಡಿದದ್ದರ ಅರ್ಧ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು. ಕೆಫೀನೂ ಎದೆ ಹೊಡ್ಕೊಳ್ಳೋ ಹಾಗೆ, ಕೈ ನಡುಗೋ ಹಾಗೆ ಮಾಡತ್ತೆ, ಮಿದುಳು ಅದನ್ನೇ ಹೆದರಿಕೆ ಅಂತ ಓದ್ಕೊಳ್ಳತ್ತೆ. ಕಾಫಿ ಬೆಳೆಯೋ ಊರಲ್ಲಿ ಕೂತು ಕಾಫಿ ಬಿಡು ಅನ್ನೋಕೆ ನನಗೂ ಕಷ್ಟ, ಆದ್ರೂ ಇಂಥ ದಿನ ಬೆಳಗ್ಗೆ ಒಂದು ಲೋಟಕ್ಕೆ ನಿಲ್ಸೋದು ಒಳ್ಳೇದು. ಒಂದು ಪೆಗ್ ಹಾಕಿದ್ರೆ ಧೈರ್ಯ ಬರತ್ತೆ ಅಂತಾರಲ್ಲ, ಬರೋದು ನಿಜ, ಆದ್ರೆ ಇಳಿದ ಮೇಲೆ ಮಾರನೇ ದಿನ ಆತಂಕ ಜಾಸ್ತಿ ಆಗಬಹುದು, ಅದಕ್ಕಿಂತ ಮುಖ್ಯ ಅಂದ್ರೆ ನಾನು ನಿಭಾಯಿಸಿದೆ ಅಂತ ಮಿದುಳು ಕಲಿಯೋ ಬದಲು ಪೆಗ್ ನಿಭಾಯಿಸ್ತು ಅಂತ ಕಲಿಯತ್ತೆ.

ಫೋನಲ್ಲೇ ಇಬ್ಬರೂ ಸೇರಿ ಉಸಿರು ಬಿಟ್ವಿ. ಮೂಗಿಂದ ಒಂದ್ಸಲ ಎಳೆದು, ಅದರ ಮೇಲೆ ಇನ್ನೊಂದು ಚೂರು ಎಳೆದು, ಬಾಯಿಂದ ಉದ್ದಕ್ಕೆ ಬಿಡೋದು. ಉಸಿರು ಹೊರಗೆ ಹೋಗೋವಾಗ ವೇಗಸ್ ನರದ ಕೈ ಮೇಲಾಗಿ ಎದೆಬಡಿತ ನಿಧಾನ ಆಗತ್ತೆ. 2023ರಲ್ಲಿ ಸ್ಟ್ಯಾನ್‌ಫರ್ಡಿನವರು ಇದನ್ನ ದಿನಾ ಐದು ನಿಮಿಷದ ಹಾಗೆ ಒಂದು ತಿಂಗಳು ಮಾಡಿಸಿ, ಧ್ಯಾನ ಮಾಡಿದೋರಿಗಿಂತ ಇವರ ಮನಸ್ಸು ಹೆಚ್ಚು ಹಗುರ ಆಗಿದ್ದನ್ನ ಕಂಡಿದ್ರು. ಒಂದು ಸಂಜೆಗೆ ಪವಾಡ ಆಗಲ್ಲ, ಮುಂಚಿಂದ ರೂಢಿ ಇರ್ಬೇಕು.

ವಾಪಸ್ ಹೊರಟಿದ್ರೆ ಏನಾಗ್ತಿತ್ತು? ಮೂರ್ನಾಡು ದಾಟೋ ಹೊತ್ತಿಗೆ ಎದೆ ಹಗುರ ಆಗಿ ಹಾಯಾಗಿ ಇರ್ತಿತ್ತು, ನನಗೆ ಭಯ ಇದ್ದದ್ದು ಆ ಹಾಯಿಗೇ. ತಪ್ಪಿಸಿಕೊಂಡಾಗ ಸಿಗೋ ನೆಮ್ಮದಿ ಮಿದುಳಿಗೆ ಬಹುಮಾನ ಇದ್ದ ಹಾಗೆ, ಮುಂದಿನ ಮದುವೆಗೆ ಮನೆ ಗೇಟಿಂದಲೇ ತಿರುಗಿಸತ್ತೆ. ಹೀಗೆ ತಿಂಗಳುಗಟ್ಟಲೆ ನಡೆದು ಕೆಲಸ, ನೆಂಟರು, ಊಟ ಎಲ್ಲದರಿಂದ ದೂರ ಉಳಿಯೋ ಹಾಗಾದ್ರೆ ಅದು ಚಿಕಿತ್ಸೆ ಇರೋ ಕಾಯಿಲೆ, ಆಪ್ತಸಮಾಲೋಚನೆಯಿಂದ ಎಷ್ಟೋ ಜನಕ್ಕೆ ಗುಣ ಕಾಣತ್ತೆ. 2022ರ ಅಕ್ಟೋಬರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಲ್ಲಾದ್ರೂ ಫ್ರೀಯಾಗಿ ಕನ್ನಡದಲ್ಲೇ ಮಾತಾಡಬಹುದು, ನಾಚಿಕೆ ಪಡೋದು ಬೇಡ.

ರಾತ್ರಿ ಹತ್ತಕ್ಕೆ ಮತ್ತೆ ಫೋನ್ ಬಂತು. ಅಕ್ಕಿ ಹಾಕೋವಾಗ ಮುಂದೆ ಒಬ್ಬರು ಅಜ್ಜಿ ಇದ್ರಂತೆ, ಅವರ ಕೈ ನೋಡ್ಕೊಂಡೇ ಹಾಕಿದ್ಲಂತೆ, ಆಮೇಲೆ ಆ ಅಜ್ಜಿನೇ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು ಪಂದಿಕರಿಗೆ ಇನ್ನೆರಡು ಕಡಂಬುಟ್ಟು ಹಾಕಿಸಿದ್ರಂತೆ. ಕೈ ನಡುಕ ನಿಂತಿತಾ ಅಂತ ಕೇಳಿದೆ. "ಕಿಂಡಿ ಹಿಡಿಯೋವಾಗ್ಲೂ ನಡುಗ್ತಿತ್ತು ಚಿಕ್ಕಿ, ಆಮೇಲೆ ಯಾವಾಗ ನಿಂತಿತೋ ನೋಡ್ಕೊಳ್ಳೋಕೇ ಮರೆತೆ" ಅಂದ್ಲು.